ಗಾಜಿನ ದೀಪ, ಲೆಕ್ಕದ ಪುಸ್ತಕ: ಟಿಫನಿ ಸ್ಟುಡಿಯೋಸ್ ಸಂಸ್ಥೆಯ ಏಳುಬೀಳು

ವಸ್ತುವಿನ ಮೌಲ್ಯ, ಅದರ ಮಾರಾಟ ಬೆಲೆ ಮತ್ತು ತಯಾರಕನಿಗೆ ಉಳಿಯುವ ಲಾಭ ಇವು ಮೂರೂ ಬೇರೆ ಬೇರೆ. ಇವನ್ನು ಒಂದೇ ಎಂದು ಭಾವಿಸಿದ ಉದ್ದಿಮೆಗಳು ಎಷ್ಟೇ ಕೀರ್ತಿ ಗಳಿಸಿದರೂ ಬಾಳಿಕೆ ಬರುವುದಿಲ್ಲ. ನ್ಯೂಯಾರ್ಕ್ ನಗರದ ಟಿಫನಿ ಸ್ಟುಡಿಯೋಸ್ ಎಂಬ ಗಾಜಿನ ಕಲಾಸಂಸ್ಥೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ಮನೆಬಳಕೆಯ ದೀಪ, ಹೂದಾನಿ, ಮೇಜಿನ ಮೇಲಿನ ಶಾಯಿಕುಡಿಕೆ ಮೊದಲಾದವನ್ನು ಕಲಾವಸ್ತುಗಳ ಮಟ್ಟಕ್ಕೆ ಏರಿಸಿದ ಈ ಸಂಸ್ಥೆ 1932ರಲ್ಲಿ ದಿವಾಳಿಯಾಯಿತು. ಮೂರು ವರ್ಷಗಳ ನಂತರ, 1935ರಲ್ಲಿ, ಈಗಾನ್ ನ್ಯೂಸ್ಟಾಟ್ ಎಂಬ ವೈದ್ಯರು ನ್ಯೂಯಾರ್ಕಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಇದೇ ಸಂಸ್ಥೆಯ ದೀಪವನ್ನು ಹನ್ನೆರಡೂವರೆ ಡಾಲರಿಗೆ ಕೊಂಡರು. 2018ರ ಡಿಸೆಂಬರಿನಲ್ಲಿ ನಡೆದ ಹರಾಜಿನಲ್ಲಿ ಆ ಸಂಸ್ಥೆಯ ಮತ್ತೊಂದು ದೀಪಕ್ಕೆ 33 ಲಕ್ಷ ಡಾಲರಿಗೂ ಅಧಿಕ ಬೆಲೆ ಬಂದಿತು. ಇಷ್ಟು ಬೆಲೆಬಾಳುವ ವಸ್ತುವನ್ನು ತಯಾರಿಸಿದ ಸಂಸ್ಥೆ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಕಲಾರಸಿಕರಿಗಿಂತ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಹೆಚ್ಚು ಪ್ರಸ್ತುತವಾದುದು.

ಸಂಸ್ಥೆಯ ಹಿನ್ನೆಲೆ

ಸಂಸ್ಥಾಪಕ ಲೂಯಿ ಕಂಫರ್ಟ್ ಟಿಫನಿ 1848ರಲ್ಲಿ ಜನಿಸಿದರು. ಅವರ ತಂದೆ ಚಾರ್ಲ್ಸ್ ಲೂಯಿಸ್ ಟಿಫನಿ 1837ರಲ್ಲಿ ಸ್ಥಾಪಿಸಿದ ಅಂಗಡಿಯೇ ಮುಂದೆ ಟಿಫನಿ ಅಂಡ್ ಕಂಪನಿ ಎಂಬ ಹೆಸರಿನಲ್ಲಿ ಒಡವೆ ಮತ್ತು ಬೆಳ್ಳಿ ಸಾಮಾನುಗಳಿಗೆ ಜಗತ್ಪ್ರಸಿದ್ಧವಾಯಿತು. ಮಗ ಒಡವೆ ವ್ಯಾಪಾರವನ್ನು ಬಿಟ್ಟು ಚಿತ್ರಕಲೆಯನ್ನು ಕಲಿತರು. 1879ರ ಸುಮಾರಿಗೆ ಕ್ಯಾಂಡೇಸ್ ವೀಲರ್, ಸ್ಯಾಮ್ಯುಯೆಲ್ ಕೋಲ್ಮನ್ ಮತ್ತು ಲಾಕ್‌ವುಡ್ ಡಿ ಫಾರೆಸ್ಟ್ ಅವರೊಡನೆ ಸೇರಿ ಶ್ರೀಮಂತರ ಮನೆಗಳ ಒಳಾಂಗಣ ಅಲಂಕಾರದ ಪಾಲುದಾರಿಕೆಯನ್ನು ಆರಂಭಿಸಿದರು. ಇವರಲ್ಲಿ ಡಿ ಫಾರೆಸ್ಟ್ 1881ರಲ್ಲಿ ಭಾರತಕ್ಕೆ ಬಂದು, ಅಹಮದಾಬಾದಿನ ಮಗನ್‌ಭಾಯಿ ಹಠೀಸಿಂಗ್ ಅವರೊಡಗೂಡಿ ಮರದ ಕೆತ್ತನೆಯ ಕಾರ್ಖಾನೆಯನ್ನು ತೆರೆದು, ಅಲ್ಲಿನ ಕುಶಲಕರ್ಮಿಗಳ ಕೆಲಸವನ್ನು ಅಮೆರಿಕಕ್ಕೆ ರಫ್ತು ಮಾಡಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಪಾಲುದಾರಿಕೆ ಹೆಚ್ಚು ಕಾಲ ನಡೆಯಲಿಲ್ಲ. ಆದರೆ ಅದರ ಮೂಲಕ ಟಿಫನಿಗೆ ಗ್ರಾಹಕರ ಪರಿಚಯವಾಯಿತು. 1882ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಅವರ ಕಾಲದಲ್ಲಿ ಶ್ವೇತಭವನದ ಅಲಂಕಾರದ ಕೆಲಸವೂ ದೊರೆಯಿತು. 1885ರಲ್ಲಿ ಟಿಫನಿ ಗ್ಲಾಸ್ ಕಂಪನಿ ನೋಂದಣಿಯಾಯಿತು. 1890ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕರೋನಾ ಎಂಬಲ್ಲಿ ಸ್ವಂತ ಕುಲುಮೆ ಸ್ಥಾಪನೆಗೊಂಡಿತು. ಅದರ ಉಸ್ತುವಾರಿಗೆ ಇಂಗ್ಲೆಂಡಿನ ಗಾಜಿನ ಕೇಂದ್ರವಾದ ಸ್ಟೌರ್‌ಬ್ರಿಜ್‌ನಿಂದ ಆರ್ಥರ್ ನ್ಯಾಶ್ ಎಂಬ ಅನುಭವಿಯನ್ನು ಕರೆಸಿಕೊಳ್ಳಲಾಯಿತು. ಟಿಫನಿ ಸ್ಟುಡಿಯೋಸ್ ಎಂಬ ಹೆಸರು 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದಿತು.

ಗಾಜಿನ ವಿಶೇಷತೆ

ಅಂದಿನ ಚರ್ಚುಗಳ ಬಣ್ಣದ ಕಿಟಕಿಗಳಲ್ಲಿ ಪಾರದರ್ಶಕ ಗಾಜಿನ ಮೇಲೆ ಬಣ್ಣದಿಂದ ಚಿತ್ರ ಬರೆದು ಕುಲುಮೆಯಲ್ಲಿ ಸುಡುವುದು ರೂಢಿಯಾಗಿತ್ತು. ಟಿಫನಿ ಮತ್ತು ಅವರ ಪ್ರತಿಸ್ಪರ್ಧಿ ಜಾನ್ ಲಾಫಾರ್ಜ್ ಇಬ್ಬರೂ ಇದಕ್ಕೆ ಭಿನ್ನವಾದ ಮಾರ್ಗವನ್ನು ಹಿಡಿದರು. ಹಾಲಿನಂತೆ ಮಸುಕಾದ, ಒಂದೇ ಹಲಗೆಯಲ್ಲಿ ಹಲವು ಬಣ್ಣಗಳು ಬೆರೆತ ಗಾಜನ್ನು ತಯಾರಿಸಿ, ಎಲೆಗೆ ಬೇಕಾದ ಹಸಿರು, ದಳಕ್ಕೆ ಬೇಕಾದ ನಸುಗೆಂಪು ಗಾಜಿನಲ್ಲಿಯೇ ಇರುವಂತೆ ನೋಡಿಕೊಂಡರು. ಲಾಫಾರ್ಜ್ 1880ರಲ್ಲಿಯೂ ಟಿಫನಿ 1881ರಲ್ಲಿಯೂ ಪೇಟೆಂಟ್ ಪಡೆದರು.

ಎರಡನೆಯ ವಿಶೇಷತೆ ಊದಿದ ಗಾಜಿನದು. ಭೂಮಿಯಡಿ ಶತಮಾನಗಳ ಕಾಲ ಹೂತಿದ್ದ ರೋಮನ್ ಗಾಜಿನ ಮೇಲೆ ಕಾಣುವ ಕಾಮನಬಿಲ್ಲಿನ ಹೊಳಪನ್ನು ಹೊಸ ಪಾತ್ರೆಗಳಲ್ಲಿ ಮೂಡಿಸುವುದು ಇದರ ಗುರಿಯಾಗಿತ್ತು. ಕಾದ ಗಾಜಿನ ಮೇಲೆ ತವರ ಮೊದಲಾದ ಲೋಹಗಳ ಲವಣವನ್ನು ಸಿಂಪಡಿಸಿದಾಗ ಅತಿ ತೆಳುವಾದ ಪದರವೊಂದು ಉಂಟಾಗಿ, ಅದರ ಮೇಲೆ ಬಿದ್ದ ಬೆಳಕು ನವಿಲುಗರಿಯಂತೆ ಒಡೆದು ಕಾಣುತ್ತದೆ. ಈ ಗಾಜಿಗೆ ಕೈಕೆಲಸ ಎಂಬ ಅರ್ಥದ ಹಳೆಯ ಪದವೊಂದರಿಂದ ಫಾವ್ರೀಲ್ ಎಂಬ ಹೆಸರನ್ನು ಸೃಷ್ಟಿಸಿ, 1894ರಲ್ಲಿ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲಾಯಿತು. ಉತ್ಪನ್ನಕ್ಕೆ ಹೆಸರಿಡುವ ಮೊದಲೇ ಅದು ಹೇಳಬೇಕಾದ ಅರ್ಥವನ್ನು ನಿಶ್ಚಯಿಸಿದ್ದು ಗಮನಾರ್ಹ.

ದೀಪದ ತಯಾರಿಕೆ ಮತ್ತು ವೆಚ್ಚ

ಕಿಟಕಿಗಳು ಗ್ರಾಹಕರ ಬೇಡಿಕೆಯ ಮೇರೆಗೆ ಮಾತ್ರ ತಯಾರಾಗುತ್ತಿದ್ದವು. ಒಂದೊಂದು ಬಣ್ಣಛಾಯೆಯೂ ಸರಿಹೊಂದಬೇಕಾದುದರಿಂದ ಸಾವಿರಾರು ಬಗೆಯ ಗಾಜಿನ ಹಲಗೆಗಳನ್ನು ದಾಸ್ತಾನಿನಲ್ಲಿ ಇಡಬೇಕಾಗಿತ್ತು. ಹಲಗೆಯಲ್ಲಿ ಬೇಕಾದ ಭಾಗವನ್ನು ಕತ್ತರಿಸಿದ ಮೇಲೆ ಉಳಿದ ತುಂಡುಗಳೂ ರಾಶಿಬೀಳುತ್ತಿದ್ದವು. ಇದೇ ಕಾಲಕ್ಕೆ ಅಮೆರಿಕದ ನಗರಗಳಲ್ಲಿ ವಿದ್ಯುತ್ ದೀಪ ಹರಡತೊಡಗಿತ್ತು. ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚುವಂತಿದ್ದುದರಿಂದ ಅದನ್ನು ಮೃದುಗೊಳಿಸುವ ಮರೆ ಬೇಕಾಯಿತು. ಹೀಗೆ ಕಿಟಕಿಯ ಗಾಜಿನಿಂದ ದೀಪದ ಮರೆ ಹುಟ್ಟಿತು. ಉಳಿಕೆ ತುಂಡಿಗೆ ಬೆಲೆ ಬಂದಿತು. ಕೆಲವೇ ಧನಿಕರು ಮತ್ತು ಚರ್ಚುಗಳಿಗೆ ಸೀಮಿತವಾಗಿದ್ದ ಮಾರುಕಟ್ಟೆ ಮನೆಮನೆಯ ದಿವಾನಖಾನೆಯವರೆಗೆ ವಿಸ್ತರಿಸಿತು.

ತಯಾರಿಕೆಯ ಕ್ರಮ ಹೀಗಿತ್ತು. ಮೊದಲು ವಿನ್ಯಾಸವನ್ನು ಬರೆದು ಮರದ ಅಚ್ಚಿನ ಮೇಲೆ ಮೂಡಿಸಲಾಗುತ್ತಿತ್ತು. ಪ್ರತಿಯೊಂದು ತುಂಡಿಗೂ ಲೋಹದ ತಗಡಿನ ಮಾದರಿಯನ್ನು ಕತ್ತರಿಸಿಡಲಾಗುತ್ತಿತ್ತು. ಅದರ ಆಕಾರಕ್ಕೆ ಗಾಜನ್ನು ಕತ್ತರಿಸಿ, ಅಂಚಿಗೆ ತಾಮ್ರದ ತೆಳುಪಟ್ಟಿಯನ್ನು ಸುತ್ತಿ, ಅಚ್ಚಿನ ಮೇಲೆ ಜೋಡಿಸಿ, ತವರ ಮತ್ತು ಸೀಸದಿಂದ ಬೆಸುಗೆ ಹಾಕಲಾಗುತ್ತಿತ್ತು. ದಪ್ಪ ಸೀಸದ ಪಟ್ಟಿಯ ಬದಲು ತಾಮ್ರದ ತೆಳುಪಟ್ಟಿ ಬಳಸಿದ್ದರಿಂದ ಅತಿ ಸಣ್ಣ ತುಂಡುಗಳನ್ನೂ ಡೊಂಕು ಆಕಾರದಲ್ಲಿ ಸೇರಿಸುವುದು ಸಾಧ್ಯವಾಯಿತು. ವಿಸ್ಟೀರಿಯಾ ಎಂಬ ಹೂಬಳ್ಳಿಯ ವಿನ್ಯಾಸದ ಮರೆಗೆ ಸುಮಾರು 2,000 ತುಂಡುಗಳು ಬೇಕಾಗುತ್ತಿದ್ದವು.

ಅಚ್ಚು ಮತ್ತು ತಗಡಿನ ಮಾದರಿಗಳು ಇದ್ದುದರಿಂದ ಒಂದು ವಿನ್ಯಾಸವನ್ನು ಮತ್ತೆ ಮತ್ತೆ ತಯಾರಿಸಬಹುದಾಗಿತ್ತು. ಗಾಜಿನ ಆಯ್ಕೆ ಮಾತ್ರ ಪ್ರತಿ ಬಾರಿಯೂ ಬೇರೆ. ಆದ್ದರಿಂದ ಒಂದೇ ವಿನ್ಯಾಸದ ಎರಡು ದೀಪಗಳು ಪೂರ್ತಿ ಒಂದೇ ರೀತಿ ಇರುತ್ತಿರಲಿಲ್ಲ. ಕಂಚಿನ ಕಂಬ ಬೇರೆ, ಗಾಜಿನ ಮರೆ ಬೇರೆ ಎಂದು ಪ್ರತ್ಯೇಕವಾಗಿ ತಯಾರಿಸಿ, ಗ್ರಾಹಕರು ಬೇಕಾದುದನ್ನು ಜೋಡಿಸಿಕೊಳ್ಳುವ ಅವಕಾಶವನ್ನೂ ಕಲ್ಪಿಸಲಾಗಿತ್ತು. ಕೈಕೆಲಸದ ವೈವಿಧ್ಯವನ್ನು ಉಳಿಸಿಕೊಂಡೇ ತಯಾರಿಕೆಯನ್ನು ಕ್ರಮಬದ್ಧಗೊಳಿಸಿದ ಈ ವ್ಯವಸ್ಥೆ ಸಂಸ್ಥೆಯ ಅತ್ಯುತ್ತಮ ವಾಣಿಜ್ಯ ಸಾಧನೆ ಎನ್ನಬಹುದು.

ಈ ಸಾಧನೆಯ ಹಿಂದೆ ಇದ್ದವರು ಕ್ಲಾರಾ ಡ್ರಿಸ್ಕಾಲ್. 1892ರಲ್ಲಿ ಆರಂಭವಾದ ಮಹಿಳೆಯರ ಗಾಜು ಕತ್ತರಿಸುವ ವಿಭಾಗದ ಮುಖ್ಯಸ್ಥೆಯಾಗಿದ್ದ ಈಕೆಯೇ ವಿಸ್ಟೀರಿಯಾ, ಏರೋಪ್ಲೇನ್ ಚಿಟ್ಟೆ ಮೊದಲಾದ ಪ್ರಸಿದ್ಧ ದೀಪಗಳ ವಿನ್ಯಾಸಕಿ. ಚಿಟ್ಟೆಯ ದೀಪ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕ ಪಡೆಯಿತು. ಆದರೆ ಮಾರಾಟವಾದ ವಸ್ತುಗಳ ಮೇಲೆ ಸಂಸ್ಥೆಯ ಹೆಸರಷ್ಟೇ ಇರುತ್ತಿತ್ತು. ಆಕೆ ಕುಟುಂಬಕ್ಕೆ ಬರೆದ ಪತ್ರಗಳು ಬೆಳಕಿಗೆ ಬಂದು, 2007ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಏರ್ಪಟ್ಟ ಬಳಿಕವೇ ಆಕೆಯ ಪಾಲು ಲೋಕಕ್ಕೆ ತಿಳಿಯಿತು. ವಿವಾಹವಾಗುವ ಮಹಿಳೆ ಕೆಲಸ ಬಿಡಬೇಕೆಂಬ ನಿಯಮ ಅಲ್ಲಿತ್ತು. ಡ್ರಿಸ್ಕಾಲ್ ಕೂಡ 1909ರಲ್ಲಿ ವಿವಾಹದ ಕಾರಣ ನಿರ್ಗಮಿಸಿದರು. ವರ್ಷಗಟ್ಟಲೆ ತರಬೇತಿ ಪಡೆದ ಕಣ್ಣು ಮತ್ತು ಕೈಯನ್ನು ಸಂಸ್ಥೆಯೇ ಹೊರಗೆ ಕಳುಹಿಸಿದಂತಾಯಿತು.

ಬೆಲೆಯ ವಿಷಯಕ್ಕೆ ಬಂದರೆ, ಸಂಸ್ಥೆಯ 1906ರ ದರಪಟ್ಟಿಯಲ್ಲಿ ವಿಸ್ಟೀರಿಯಾ ದೀಪಕ್ಕೆ 400 ಡಾಲರ್ ನಮೂದಾಗಿದೆ. ಅಂದಿನ ಸಾಮಾನ್ಯ ಕಾರ್ಮಿಕನಿಗೆ ಇದು ಹಲವು ತಿಂಗಳ ಕೂಲಿ. ಹೂಬಳ್ಳಿಯ ಸಂಕೀರ್ಣ ವಿನ್ಯಾಸಗಳ ಜೊತೆಗೆ ಚೌಕ, ತ್ರಿಕೋನಗಳ ಸರಳ ವಿನ್ಯಾಸದ ಅಗ್ಗದ ಮರೆಗಳೂ, ಕಂಚಿನ ಬರವಣಿಗೆ ಸಾಮಗ್ರಿಗಳೂ, ಮೇಣದಬತ್ತಿಯ ಕಂಬಗಳೂ ಮಾರಾಟದಲ್ಲಿದ್ದವು. ದುಬಾರಿ ವಸ್ತು ಹೆಸರನ್ನು ಗಳಿಸಬೇಕು, ಸಾಧಾರಣ ವಸ್ತು ಆ ಹೆಸರಿನ ಬಲದಿಂದ ದುಡಿಯಬೇಕು ಎಂಬುದು ಇದರ ತರ್ಕ.

ಉಳಿಕೆ ತುಂಡಿನ ಲೆಕ್ಕ

ಇಲ್ಲಿ ಉಳಿಕೆ ಸಾಮಗ್ರಿಯ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡುವುದು ಸೂಕ್ತ. ಕೇವಲ ಉದಾಹರಣೆಗಾಗಿ, 1,000 ರೂಪಾಯಿಯ ಗಾಜಿನ ಹಲಗೆಯೊಂದನ್ನು ಕಿಟಕಿಯ ಕೆಲಸಕ್ಕೆ ತೆಗೆದುಕೊಳ್ಳಲಾಗಿದೆ ಎಂದಿಟ್ಟುಕೊಳ್ಳೋಣ. ಉಳಿದ ತುಂಡುಗಳು ದೀಪಕ್ಕೆ ಬಳಕೆಯಾಗಿ 300 ರೂಪಾಯಿ ತರುವುದು ಖಚಿತವಾಗಿದ್ದರೆ ಕಿಟಕಿಗೆ ತಗಲಿದ ಗಾಜಿನ ಅಸಲು 700 ರೂಪಾಯಿ. ಆ ತುಂಡುಗಳು ಉಗ್ರಾಣದಲ್ಲಿಯೇ ಉಳಿದರೆ ಕಿಟಕಿಯ ಅಸಲು ಪೂರ್ತಿ 1,000 ರೂಪಾಯಿ. ಆದರೂ ತುಂಡುಗಳನ್ನು 300 ರೂಪಾಯಿಯ ದಾಸ್ತಾನು ಎಂದು ಪುಸ್ತಕದಲ್ಲಿ ತೋರಿಸಿದರೆ ಇಲ್ಲದ 300 ರೂಪಾಯಿ ಲಾಭವಾಗಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ತೆರಿಗೆಯೂ ಪಾವತಿಯಾಗುತ್ತದೆ, ನಗದು ಮಾತ್ರ ಬಂದಿರುವುದಿಲ್ಲ.

ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಭಾರತೀಯ ಲೆಕ್ಕಪತ್ರ ಮಾನಕ 2 ಹೇಳುವುದೂ ಇದನ್ನೇ. ಅಸಲು ಮತ್ತು ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮಾತ್ರ ದಾಸ್ತಾನಿನ ಬೆಲೆಯಾಗಿ ಹಿಡಿಯಬೇಕು. ಅಸಾಧಾರಣ ಪ್ರಮಾಣದ ಹಾಳುವಳಿಯನ್ನು ಅಸಲಿಗೆ ಸೇರಿಸದೆ ಆಯಾ ವರ್ಷದ ಖರ್ಚಾಗಿ ಬರೆಯಬೇಕು. ಟಿಫನಿ ಸ್ಟುಡಿಯೋಸ್ ಮುಚ್ಚಿದ ನಂತರ ಉಳಿದ ಗಾಜಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹಲಗೆ ಮತ್ತು ತುಂಡುಗಳು ಇಂದು ನ್ಯೂಯಾರ್ಕಿನ ನ್ಯೂಸ್ಟಾಟ್ ಸಂಗ್ರಹದಲ್ಲಿವೆ. ಸಂಶೋಧಕರಿಗೆ ಇದು ಅಮೂಲ್ಯ ನಿಧಿ. ನಡೆಯುತ್ತಿರುವ ಉದ್ದಿಮೆಗೆ ಅಷ್ಟು ಸರಕು ಕಟ್ಟಿಹಾಕಿದ ಬಂಡವಾಳ.

ಹೆಸರು ಉಳಿಯಿತು, ಹೊಳಪು ಉಳಿಯಲಿಲ್ಲ

ಅಂದಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಅವಧಿ 17 ವರ್ಷ. ಅಂದರೆ 1881ರ ಪೇಟೆಂಟುಗಳ ರಕ್ಷಣೆ 1898ಕ್ಕೆ ಮುಗಿಯಿತು. ಹೊಳಪುಗಾಜಿನ ವಿದ್ಯೆಯೂ ಒಬ್ಬರ ಸೊತ್ತಾಗಿ ಉಳಿಯಲಿಲ್ಲ. ಬೊಹೆಮಿಯಾದ ಲೋಟ್ಸ್ ಕಾರ್ಖಾನೆ 1890ರ ದಶಕದ ಕೊನೆಗೆ ಇದೇ ಬಗೆಯ ಗಾಜನ್ನು ಹೊರತಂದಿತು. ಫ್ರೆಡರಿಕ್ ಕಾರ್ಡರ್ 1903ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಪಟ್ಟಣದಲ್ಲಿ ಸ್ಥಾಪಿಸಿದ ಸ್ಟೂಬೆನ್ ಗಾಜಿನ ಕಾರ್ಖಾನೆ ಮರುವರ್ಷವೇ ಆರೀನ್ ಎಂಬ ಹೊಂಬಣ್ಣದ ಗಾಜನ್ನು ಮಾರುಕಟ್ಟೆಗೆ ತಂದಿತು. ಟಿಫನಿ ಕಡೆಯವರು 1913ರಲ್ಲಿ ಸ್ಟೂಬೆನ್ ವಿರುದ್ಧ ದಾವೆ ಹೂಡಿದರಾದರೂ ಅದರಿಂದ ಫಲ ದೊರೆಯಲಿಲ್ಲ.

ಇದಕ್ಕಿಂತಲೂ ದೊಡ್ಡ ಪೆಟ್ಟು ಕೆಳಗಿನ ದರದಿಂದ ಬಂದಿತು. ಫೆಂಟನ್ ಎಂಬ ಅಮೆರಿಕನ್ ಸಂಸ್ಥೆ 1907ರ ಸುಮಾರಿಗೆ ಅಚ್ಚಿನಲ್ಲಿ ಒತ್ತಿದ ಅಗ್ಗದ ಬಟ್ಟಲು, ತಟ್ಟೆಗಳಿಗೆ ಲೋಹದ ಲವಣವನ್ನು ಸಿಂಪಡಿಸಿ ಅದೇ ಕಾಮನಬಿಲ್ಲಿನ ಹೊಳಪನ್ನು ನೀಡಿತು. ಇತರ ಕಾರ್ಖಾನೆಗಳೂ ಇದೇ ಹಾದಿ ಹಿಡಿದವು. ಕಾರ್ನಿವಲ್ ಗಾಜು ಎಂದು ಮುಂದೆ ಹೆಸರಾದ ಈ ಸಾಮಾನು ಕೆಲವೇ ಸೆಂಟುಗಳಿಗೆ ದೊರೆಯುತ್ತಿತ್ತು. ಕಾಲಕ್ರಮದಲ್ಲಿ ನಮ್ಮ ಫಿರೋಜಾಬಾದಿನಲ್ಲಿಯೂ ಈ ಬಗೆಯ ಗಾಜು ತಯಾರಾಯಿತು. ಬಡವರ ಮನೆಯ ಕಪಾಟಿನಲ್ಲಿಯೂ ಅದೇ ಹೊಳಪು ಕಾಣತೊಡಗಿದ ಮೇಲೆ ಧನಿಕರು ಅದಕ್ಕಾಗಿ ಹೆಚ್ಚಿನ ಬೆಲೆ ತೆರಲು ಹಿಂಜರಿದುದು ಸಹಜವೇ.

ನಮ್ಮ ದೇಶದ ಇಂದಿನ ಕಾನೂನಿನಲ್ಲಿಯೂ ಇದೇ ವ್ಯತ್ಯಾಸವಿದೆ. ಪೇಟೆಂಟಿನ ಅವಧಿ 20 ವರ್ಷ. 2000ದ ವಿನ್ಯಾಸ ಕಾಯಿದೆಯಂತೆ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ. 1999ರ ವ್ಯಾಪಾರ ಮುದ್ರೆ ಕಾಯಿದೆಯಂತೆ ನೋಂದಾಯಿತ ಮುದ್ರೆಯನ್ನು 10 ವರ್ಷಕ್ಕೊಮ್ಮೆ ಎಷ್ಟು ಬಾರಿಯಾದರೂ ನವೀಕರಿಸಬಹುದು. ತಂತ್ರಕ್ಕೂ ಆಕಾರಕ್ಕೂ ಕಾಲಮಿತಿಯಿದೆ, ಹೆಸರಿಗೆ ಇಲ್ಲ. ತಂತ್ರದ ರಕ್ಷಣೆ ಇರುವಾಗಲೇ ಹೆಸರನ್ನು ಕಟ್ಟಿಕೊಳ್ಳಬೇಕು.

ತಂದೆಯ ಹಣದ ಮರೆ

ಇಷ್ಟೆಲ್ಲ ತೊಡಕುಗಳ ನಡುವೆಯೂ ಸಂಸ್ಥೆ ದಶಕಗಳ ಕಾಲ ನಡೆದುದು ಹೇಗೆ? ಟಿಫನಿಗೆ ತಂದೆಯ ಸಂಪತ್ತಿನ ಬೆಂಬಲವಿತ್ತು. 1902ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಪಿತ್ರಾರ್ಜಿತ ದೊರೆಯಿತು. ಟಿಫನಿ ಅಂಡ್ ಕಂಪನಿಯ ವಿನ್ಯಾಸ ನಿರ್ದೇಶಕರ ಹುದ್ದೆಯೂ, ಆ ಪ್ರಸಿದ್ಧ ಅಂಗಡಿಯ ಮೂಲಕ ಮಾರಾಟದ ಅನುಕೂಲವೂ ಒದಗಿದವು. ಪ್ರಯೋಗಕ್ಕೆ ಖರ್ಚು ಮಾಡುವಾಗ ಅದು ಮರಳಿ ಬರುವುದೇ ಎಂಬ ಪ್ರಶ್ನೆಯನ್ನು ಕಲಾವಿದ ಮಾಲೀಕರು ಮುಖ್ಯವೆಂದು ಎಣಿಸಲಿಲ್ಲ. ವ್ಯವಸ್ಥಾಪಕರು ವೆಚ್ಚ ತಗ್ಗಿಸಲು ಒತ್ತಾಯಿಸುತ್ತಿದ್ದುದು ಡ್ರಿಸ್ಕಾಲ್ ಅವರ ಪತ್ರಗಳಿಂದ ತಿಳಿಯುತ್ತದೆ.

ಮಾಲೀಕನ ಹಣ ಬಡ್ಡಿಯಿಲ್ಲದೆ ದೊರೆಯುತ್ತಿರುವಾಗ ನಷ್ಟ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಅನೇಕ ಕುಟುಂಬ ಉದ್ದಿಮೆಗಳ ಸ್ಥಿತಿಯೂ ಇದೇ. ಸ್ವಂತ ಕಟ್ಟಡಕ್ಕೆ ಬಾಡಿಗೆಯಿಲ್ಲ, ಮಾಲೀಕನಿಗೂ ಮನೆಮಂದಿಗೂ ಸಂಬಳವಿಲ್ಲ, ತಂದೆಯ ಹಣಕ್ಕೆ ಬಡ್ಡಿಯಿಲ್ಲ. ಇವು ಮೂರನ್ನೂ ಲೆಕ್ಕಕ್ಕೆ ಹಿಡಿದ ದಿನ ಲಾಭವೆಂದು ಕಂಡದ್ದು ನಷ್ಟವಾಗಿರುವುದು ಗೊತ್ತಾಗುತ್ತದೆ.

ಮೊದಲ ಮಹಾಯುದ್ಧದ ನಂತರ ಅಭಿರುಚಿ ಬದಲಾಯಿತು. ಹೂಬಳ್ಳಿಯ ತುಂಬು ಅಲಂಕಾರ ಹಳತೆನಿಸಿತು. ನೇರ ಗೆರೆ, ಸರಳ ಆಕಾರಗಳು ಮೆಚ್ಚಿಕೆಯಾದವು. 1920ರ ದಶಕದಲ್ಲಿ ಕರೋನಾದ ಗಾಜಿನ ಕೆಲಸದಿಂದ ಟಿಫನಿ ದೂರ ಸರಿದರು. 1929ರ ಆರ್ಥಿಕ ಕುಸಿತ ಉಳಿದ ಗ್ರಾಹಕರನ್ನೂ ಕಳೆಯಿತು. 1932ರಲ್ಲಿ ಸಂಸ್ಥೆ ದಿವಾಳಿಯಾಯಿತು. 1933ರ ಜನವರಿಯಲ್ಲಿ ಟಿಫನಿ ನಿಧನರಾದರು.

ಫ್ರಾನ್ಸಿನ ಮತ್ತೊಂದು ದಾರಿ

ಇದೇ ಅವಧಿಯಲ್ಲಿ ಇದೇ ಬಗೆಯ ಉದ್ದಿಮೆಯನ್ನು ಬೇರೆ ರೀತಿಯಲ್ಲಿ ನಡೆಸಿದವರೂ ಇದ್ದರು. ಫ್ರಾನ್ಸಿನ ನಾನ್ಸಿ ನಗರದ ಎಮಿಲ್ ಗಾಲೆ ತಂದೆಯ ಗಾಜು ಮತ್ತು ಪಿಂಗಾಣಿ ವ್ಯಾಪಾರವನ್ನು 1877ರಲ್ಲಿ ವಹಿಸಿಕೊಂಡು, 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಕೀರ್ತಿ ಪಡೆದರು. ಬಣ್ಣಬಣ್ಣದ ಪದರಗಳ ಗಾಜನ್ನು ಊದಿ, ಮೇಲ್ಪದರವನ್ನು ಕೆತ್ತಿ ಚಿತ್ರ ಬಿಡಿಸುವುದು ಅವರ ವಿಧಾನ. ಪ್ರದರ್ಶನದ ವಸ್ತುಗಳಲ್ಲಿ ಕೈಯ ಕೆತ್ತನೆ, ಮಾರಾಟದ ಸಾಲುಗಳಲ್ಲಿ ಆಮ್ಲದಿಂದ ಮೇಲ್ಪದರವನ್ನು ಕರಗಿಸುವ ಮಿತವ್ಯಯದ ಕ್ರಮ ಎಂದು ಎರಡು ದರ್ಜೆಗಳಿದ್ದವು. 1904ರಲ್ಲಿ ಅವರು ತೀರಿಕೊಂಡ ಬಳಿಕವೂ ಕಾರ್ಖಾನೆ 1930ರ ದಶಕದವರೆಗೆ ನಡೆಯಿತು. ಆದರೆ ಹೊಸ ವಿನ್ಯಾಸದ ಚೈತನ್ಯ ಕುಂದಿ, ಹಳೆಯ ಮಾದರಿಗಳೇ ಮುಂದುವರಿದವು.

ಅದೇ ನಗರದ ದೋಮ್ ಕುಟುಂಬದ ಕಥೆ ಲೆಕ್ಕಪತ್ರದ ದೃಷ್ಟಿಯಿಂದ ಇನ್ನೂ ಸ್ವಾರಸ್ಯಕರ. ಜಾನ್ ದೋಮ್ ವೃತ್ತಿಯಿಂದ ದಸ್ತಾವೇಜು ಬರೆದು ದೃಢೀಕರಿಸುವ ನೋಟರಿ. ತಾವು ಸಾಲ ಕೊಟ್ಟಿದ್ದ ಗಾಜಿನ ಕಾರ್ಖಾನೆಯೊಂದು ಸಾಲ ತೀರಿಸಲಾಗದೆ ಕುಸಿದಾಗ 1878ರಲ್ಲಿ ಅದನ್ನೇ ವಹಿಸಿಕೊಂಡರು. ಗಡಿಯಾರದ ಗಾಜು, ಊಟದ ಮೇಜಿನ ಲೋಟ ಮೊದಲಾದ ನಿತ್ಯ ಬಳಕೆಯ ಸರಕು ಅದರ ಆಧಾರವಾಗಿತ್ತು. ಆ ತಳಹದಿಯ ಮೇಲೆ ಪುತ್ರರಾದ ಆಗಸ್ಟ್ ಮತ್ತು ಆಂತೋನಿನ್ 1891ರ ಸುಮಾರಿಗೆ ಕಲಾವಿಭಾಗವನ್ನು ತೆರೆದರು. ಅಭಿರುಚಿ ಬದಲಾದಾಗ ಇವರೂ ಬದಲಾದರು: 1920ರ ದಶಕದಲ್ಲಿ ಸರಳ ಆಕಾರದ ದಪ್ಪ ಗಾಜು, ಎರಡನೆಯ ಮಹಾಯುದ್ಧದ ನಂತರ ಬಣ್ಣವಿಲ್ಲದ ಸ್ಫಟಿಕ ಗಾಜು, 1960ರ ದಶಕದ ಕೊನೆಗೆ ಗಾಜಿನ ಪುಡಿಯನ್ನು ಅಚ್ಚಿನಲ್ಲಿ ಕರಗಿಸುವ ಪ್ರಾಚೀನ ವಿಧಾನದ ಪುನರುಜ್ಜೀವನ. ಕಲೆ ಕಾರ್ಖಾನೆಯ ಒಂದು ವಿಭಾಗವಾಗಿದ್ದುದರಿಂದ ಕಲೆಯ ನಷ್ಟವೆಷ್ಟು, ಲಾಭವೆಷ್ಟು ಎಂಬುದನ್ನು ಪ್ರತ್ಯೇಕವಾಗಿ ಅಳೆಯಲು ಸಾಧ್ಯವಿತ್ತು.

ಮೌಲ್ಯ ಯಾರ ಪಾಲಾಯಿತು?

1958ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರದರ್ಶನದಿಂದ ಟಿಫನಿ ಗಾಜಿನತ್ತ ಜನರ ಗಮನ ಮತ್ತೆ ಹರಿಯಿತು. 1997ರಲ್ಲಿ ಕಮಲದ ವಿನ್ಯಾಸದ ದೀಪವೊಂದು 28 ಲಕ್ಷ ಡಾಲರಿಗೆ ಹರಾಜಾಯಿತು. ಈ ಏರಿಕೆಯಿಂದ ಲಾಭ ಪಡೆದವರು ಸಂಗ್ರಾಹಕರು ಮತ್ತು ಹರಾಜು ಸಂಸ್ಥೆಗಳೇ ಹೊರತು ಗಾಜು ಊದಿದವರಲ್ಲ, ಕತ್ತರಿಸಿದವರಲ್ಲ, ಹಣ ಹೂಡಿದವರಲ್ಲ.

ಬ್ರ್ಯಾಂಡ್ ಮೌಲ್ಯದ ಬಗ್ಗೆ ಇತ್ತೀಚೆಗೆ ಬಹಳಷ್ಟು ಮಾತು ಕೇಳಿಬರುತ್ತದೆ. ಆದರೆ ಸ್ವತಃ ಬೆಳೆಸಿದ ಬ್ರ್ಯಾಂಡನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ಕೊಡುವುದಿಲ್ಲ. ಇದಕ್ಕೆ ಕಾರಣವಿದೆ. ಹೆಸರು ನಗದಾಗಿ ಪರಿವರ್ತನೆಯಾಗುವವರೆಗೆ ಅದರಿಂದ ಕೂಲಿ ಕೊಡಲಾಗದು, ಸಾಲ ತೀರಿಸಲಾಗದು. 1932ರಲ್ಲಿ ಟಿಫನಿ ಸ್ಟುಡಿಯೋಸ್‌ಗೆ ಹೆಸರಿನ ಕೊರತೆ ಇರಲಿಲ್ಲ, ಕೊಳ್ಳುವವರ ಕೊರತೆ ಇತ್ತು.

ಕರಕುಶಲ ಮತ್ತು ಅಲಂಕಾರಿಕ ವಸ್ತುಗಳ ತಯಾರಿಕೆಯಲ್ಲಿ ತೊಡಗಿರುವ ಉದ್ದಿಮೆದಾರರು ಈ ಚರಿತ್ರೆಯಿಂದ ಗ್ರಹಿಸಬಹುದಾದ ಅಂಶಗಳು ನಾಲ್ಕು. ಒಂದು, ಪ್ರತಿಷ್ಠೆಯ ವಸ್ತು ಮತ್ತು ನಿತ್ಯದ ಸರಕು ಇವೆರಡಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು. ಎರಡು, ಉಳಿಕೆ ಸಾಮಗ್ರಿಗೆ ಬಳಕೆ ಹುಡುಕಬೇಕು. ಎರಡು ವರ್ಷ ಕದಲದ ಸರಕನ್ನು ಆಸ್ತಿಯೆಂದು ನಂಬಬಾರದು. ಮೂರು, ಹೆಸರನ್ನೂ ವಿನ್ಯಾಸವನ್ನೂ ನೋಂದಾಯಿಸಬೇಕು, ವಿನ್ಯಾಸಕಾರರನ್ನು ಗೌರವಿಸಿ ಉಳಿಸಿಕೊಳ್ಳಬೇಕು. ನಾಲ್ಕು, ಮಾಲೀಕನ ಹಣ ಮತ್ತು ದುಡಿಮೆಗೂ ಬೆಲೆ ಕಟ್ಟಿದ ನಂತರವೇ ಲಾಭವನ್ನು ಎಣಿಸಬೇಕು.

ಗಾಜಿನ ದೀಪದ ಸೊಬಗು ಅದರ ಹಿಂದೆ ಬೆಳಕು ಇರುವಷ್ಟು ಹೊತ್ತು ಮಾತ್ರ. ಕಲಾಉದ್ದಿಮೆಗೆ ಆ ಬೆಳಕನ್ನು ಒದಗಿಸುವುದು ಕಟ್ಟುನಿಟ್ಟಾಗಿ ಬರೆದ ಲೆಕ್ಕದ ಪುಸ್ತಕ.